ಬೆಕ್ಕಿಗೆ ಅರ್ಧ ಮಾತ್ರೆ ಸಾಕಂತೆ!

ನಾಯಿ-ಬೆಕ್ಕು ಸಾಕಿದವರ ಬಾಯಲ್ಲಿ ಕೇಳಿದಾಗೆಲ್ಲ ನನ್ನ ಪಿತ್ತ ನೆತ್ತಿಗೇರಿಸುವ ಮಾತೊಂದಿದೆ. "ಮಕ್ಕಳಿಗೆ ಕೊಡೋದನ್ನೇ ಸ್ವಲ್ಪ ಕಡಿಮೆ ಕೊಟ್ರಾಯ್ತು ಬಿಡ್ರೀ." ಪ್ರಾಣಿಗಳ ಪ್ರಥಮ ಚಿಕಿತ್ಸೆ ಅಂದ್ರೆ ನಮ್ಮಲ್ಲಿ ಅನೇಕರಿಗೆ ಇಷ್ಟೇ: ಮನುಷ್ಯರ ಮಾತ್ರೆ ಡಬ್ಬ, ಒಂದು ಚಾಕು, ಅರ್ಧ ಮಾತ್ರೆ.

ಬೆಕ್ಕು ಅಂದ್ರೆ ಮೀಸೆ ಇರೋ ಪುಟ್ಟ ಮನುಷ್ಯ ಅಲ್ಲ ಸ್ವಾಮಿ! ಪ್ಯಾರಾಸಿಟಮಾಲನ್ನು ಪಳಗಿಸಿ ಹೊರಹಾಕೋ ಕಿಣ್ವ ನಮ್ಮ ಯಕೃತ್ತಿನಲ್ಲಿ ಧಾರಾಳವಾಗಿದೆ; ಬೆಕ್ಕಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅದು ವಿಷವಾಗಿ ಕೆಂಪು ರಕ್ತಕಣಗಳ ಮೇಲೆ ಬೀಳತ್ತೆ. ರಕ್ತ ಆಮ್ಲಜನಕ ಹೊರಲಾರದೆ ವಸಡು ಕಂದುಗಟ್ಟತ್ತೆ, ಮುಖ ಊದತ್ತೆ, ಉಸಿರು ಕಟ್ಟತ್ತೆ. 500 ಮಿಲಿಗ್ರಾಂ ಮಾತ್ರೆಯ ಅರ್ಧ ಕೂಡ ಬೆಕ್ಕಿನ ಪ್ರಾಣ ತೆಗೆಯಬಹುದು. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಯನ್ನೂ ಕೆಡಿಸಬಲ್ಲದು.

ನಮ್ಮ ಅಪಾರ್ಟ್‌ಮೆಂಟಿನ ಒಂದು ಬೆಕ್ಕು ಹೀಗೇ ಹೋಯ್ತು. ಮಾತ್ರೆ ಕೊಟ್ಟವರು ಕೆಟ್ಟವರೇನಲ್ಲ, ಅದನ್ನ ತೊಡೆ ಮೇಲಿಟ್ಕೊಂಡು ರಾತ್ರಿಯಿಡೀ ಅತ್ತವರು. ನನ್ನ ತಕರಾರು ಅದೇ. ಪ್ರೀತಿಯೊಂದಿದ್ರೆ ಸಾಲದು.

"ರಾತ್ರಿ ಹನ್ನೆರಡಕ್ಕೆ ಡಾಕ್ಟರ್ ಎಲ್ಲಿ ಸಿಗ್ತಾರೆ? ಏನೋ ಒಂದು ಮಾಡ್ಬೇಕಲ್ಲ?" ಅಂತೀರಿ. ಒಪ್ಪಿದೆ. ಆದ್ರೆ ಪ್ರಥಮ ಚಿಕಿತ್ಸೆ ಇರೋದು ಕಾಯಿಲೆ ವಾಸಿ ಮಾಡೋದಕ್ಕಲ್ಲ, ಆಸ್ಪತ್ರೆ ತಲುಪೋವರೆಗೆ ಜೀವ ಹಿಡಿದಿಡೋದಕ್ಕೆ. ಅದಕ್ಕೆ ಬೇಕಾಗಿರೋದು ತೀರಾ ಸರಳ.

ರಕ್ತ ಸುರೀತಿದ್ರೆ ಶುಭ್ರ ಬಟ್ಟೆ ಇಟ್ಟು ಒತ್ತಿ ಹಿಡೀರಿ. ನಿಲ್ತಾ ಅಂತ ನಿಮಿಷಕ್ಕೊಮ್ಮೆ ಎತ್ತಿ ನೋಡ್ಬೇಡಿ. ಅರಿಶಿನ, ಕಾಫಿಪುಡಿ ಅಡುಗೆಮನೆಯಲ್ಲೇ ಇರಲಿ. ಬಿಸಿಲಿನ ಹೊಡೆತಕ್ಕೆ ನಾಯಿ ಕುಸಿದ್ರೆ ನೆರಳಿಗೆ ತಂದು ನಲ್ಲಿ ನೀರು ಸುರಿದು ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಟ್ರೆ ಶಾಖ ಒಳಗೇ ಉಳಿಯತ್ತೆ. ಫಿಟ್ಸ್ ಬಂದ್ರೆ ಬಾಯಿಗೆ ಚಮಚ ತುರುಕಬೇಡಿ, ಕಾಲಿಗೆ ಕಬ್ಬಿಣದ ಬೀಗದಕೈ ಹಿಡಿಸಬೇಡಿ. ಪಕ್ಕದ ಸಾಮಾನು ಸರಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದ್ರೆ ಜೀವಕ್ಕೇ ಅಪಾಯ, ತಕ್ಷಣ ಹೊರಡಿ. ಪೆಟ್ಟು ಬಿದ್ದ ನಾಯಿ ನೋವಿನಲ್ಲಿ ಯಜಮಾನನನ್ನೇ ಕಚ್ಚತ್ತೆ, ಮುಖದ ಹತ್ತಿರ ಮುಖ ಒಯ್ಯಬೇಡಿ.

ವಿಷ ತಿಂದಿದ್ರೆ? ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋ ಶೂರರಿದ್ದಾರೆ. ಉಪ್ಪೇ ಹೆಚ್ಚಾಗಿ ನಾಯಿ ಸಾಯಬಹುದು. ಸೀಮೆಎಣ್ಣೆ, ಆಸಿಡ್ ಆದ್ರೆ ವಾಂತಿಯಿಂದ ಎರಡನೇ ಸಲ ಸುಡೋದು, ಶ್ವಾಸಕೋಶಕ್ಕೂ ಇಳಿಯೋದು. ಇನ್ನು ರಕ್ತ ಹೆಪ್ಪುಗಟ್ಟದಂತೆ ಮಾಡೋ ಇಲಿಪಾಷಾಣ ತಿಂದ ನಾಯಿ ಎರಡು ಮೂರು ದಿನ ಆರಾಮಾಗೇ ಓಡಾಡ್ಕೊಂಡಿರತ್ತೆ, ರಕ್ತಸ್ರಾವ ಶುರುವಾಗೋದು ಆಮೇಲೆ. "ಏನೂ ಆಗಿಲ್ವಲ್ಲ" ಅಂತ ಕೂತವರು ವಿಟಮಿನ್ ಕೆ1 ಕೊಟ್ಟು ಉಳಿಸಬಹುದಾದ ಜೀವವನ್ನ ಕಳ್ಕೋತಾರೆ. ತಿಂದ ಪೊಟ್ಟಣ ಸಮೇತ ಡಾಕ್ಟರ ಹತ್ತಿರ ಓಡಿ.

ಹುಟ್ಟುಹಬ್ಬಕ್ಕೆ ಕೇಕು, ಚಳಿಗೆ ಸ್ವೆಟರು, ಫೋಟೋಗೆ ಕೂಲಿಂಗ್ ಗ್ಲಾಸು... ಎಲ್ಲ ಕೊಡಿಸ್ತೀವಿ. ರಾತ್ರಿ ಬಾಗಿಲು ತೆರೆದಿರೋ ಪಶು ಆಸ್ಪತ್ರೆಯ ನಂಬರ್ ಎಷ್ಟು ಜನರ ಫೋನಲ್ಲಿದೆ? ಇವತ್ತೇ ಹುಡುಕಿ ಹಾಕ್ಕೊಳ್ಳಿ. ನಿಮ್ಮೂರಲ್ಲಿ ಅಂಥದ್ದು ಗೊತ್ತಿದ್ರೆ ಕೆಳಗೆ ಬರೀರಿ, ಉಳಿದವರಿಗೂ ಉಪಯೋಗ ಆಗತ್ತೆ. ಮನೆಮದ್ದಿನ ಸಲಹೆ ಮಾತ್ರ ದಯವಿಟ್ಟು ಬೇಡ!