ಕೋಡ್ ಒಂದೇ ಇರಲಿ, ಪರದೆ ಒಂದೇ ಬೇಡ

ಪುಣೆಯಲ್ಲಿ ಆ್ಯಪ್ ತಯಾರಿಸುವ ಕೆಲಸದಲ್ಲಿರುವ ನನ್ನ ಮುಂದೆ ಗ್ರಾಹಕರು ಇಡುವ ಮೊದಲ ಬೇಡಿಕೆ ಹೆಚ್ಚುಕಡಿಮೆ ಒಂದೇ: ಒಮ್ಮೆ ಬರೆದದ್ದು ಆಂಡ್ರಾಯ್ಡ್, ಐಫೋನ್, ಕಂಪ್ಯೂಟರ್ ಮೂರರಲ್ಲೂ ನಡೆಯಬೇಕು. ಮೂರು ತಂಡಗಳಿಗೆ ಸಂಬಳ ಕೊಡುವ ಶಕ್ತಿ ಸಣ್ಣ ಕಂಪನಿಗಳಿಗಿಲ್ಲ, ಬೇಡಿಕೆ ತಪ್ಪೆನ್ನಲಾರೆ. ಆದರೆ ಹಾಗೆ ಉಳಿಸಿದ ಹಣದ ಭಾರ ಯಾರ ಮೇಲೆ ಬೀಳುತ್ತದೆ ಎಂದು ಒಪ್ಪಂದದ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ.

ಈ ಆಸೆ ಹಳೆಯದು. 1995ರಲ್ಲಿ ಬಂದ ಜಾವಾ ಕೂಡ ಇದೇ ಭರವಸೆ ಕೊಟ್ಟಿತ್ತು. ವೆಬ್ ತಂತ್ರಜ್ಞಾನವನ್ನು ನೆಚ್ಚಿದ್ದ ಫೇಸ್‌ಬುಕ್, ಆ್ಯಪ್ ನಿಧಾನವೆಂಬ ದೂರು ಹೆಚ್ಚಿದಾಗ 2012ರಲ್ಲಿ ಐಫೋನಿಗೆಂದೇ ಹೊಸದಾಗಿ ಬರೆಯಿತು. ಅದೇ ಸಂಸ್ಥೆ 2015ರಲ್ಲಿ ಹೊರತಂದ ರಿಯಾಕ್ಟ್ ನೇಟಿವ್ ಅನ್ನು ಅಳವಡಿಸಿಕೊಂಡಿದ್ದ ಏರ್‌ಬಿಎನ್‌ಬಿ, 2018ರಲ್ಲಿ ಅದನ್ನು ಕೈಬಿಡುವುದಾಗಿ ಹೇಳಿತು. ಹಾಗೆಂದು ಇಂಥ ಟೂಲ್‌ಗಳೆಲ್ಲ ಕೆಟ್ಟವೇನಲ್ಲ. ಎಲೆಕ್ಟ್ರಾನ್ ಬಳಸಿ ಕಟ್ಟಿದ ವಿಎಸ್ ಕೋಡ್ ಪ್ರೋಗ್ರಾಮರ್‌ಗಳ ಅಚ್ಚುಮೆಚ್ಚು. ಅದನ್ನು ಕೀಬೋರ್ಡ್ ಮುಂದೆ ಕೂರುವವರಿಗಾಗಿಯೇ ರೂಪಿಸಲಾಗಿದೆ. ಆದರೆ ಎಲೆಕ್ಟ್ರಾನ್‌ನ ಪ್ರತಿ ಆ್ಯಪ್ ಇಡೀ ಕ್ರೋಮಿಯಂ ಬ್ರೌಸರನ್ನೇ ಹೊತ್ತು ತರುತ್ತದೆ. ಅಂಥ ನಾಲ್ಕು ಆ್ಯಪ್ ಒಟ್ಟಿಗೆ ತೆರೆದರೆ 4 ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತದೆ.

ಇದಕ್ಕಿಂತ ದೊಡ್ಡ ತೊಡಕು ವಿನ್ಯಾಸದ್ದು. ಫೋನನ್ನು ನಡೆಸುವುದು ಹೆಬ್ಬೆರಳು. ಅಲ್ಲಿ ಬಟನ್ ದೊಡ್ಡದಿರಬೇಕು, ಒಂದು ಹೊತ್ತಿಗೆ ಒಂದೇ ಕೆಲಸ ಸಾಕು. ದಿನವಿಡೀ ಬಿಲ್ ನಮೂದಿಸುವ ಗುಮಾಸ್ತರಿಗೆ ಬೇಕಾದ್ದು ಬೇರೆ: ಟ್ಯಾಬ್ ಒತ್ತಿದರೆ ಮುಂದಿನ ಖಾನೆ, ಎಂಟರ್ ಒತ್ತಿದರೆ ಸೇವ್, ಪಕ್ಕಪಕ್ಕದಲ್ಲಿ ಎರಡು ವಿಂಡೋ. ಫೋನಿನ ಪರದೆಯನ್ನೇ ಹಿಗ್ಗಿಸಿ ಕೊಟ್ಟರೆ ಪ್ರತಿ ಬಿಲ್‌ಗೂ ಅವರ ಕೈ ಮೌಸ್‌ಗೆ ಹೋಗಿ ಬರಬೇಕು. ಆ ಕೆಲವು ಸೆಕೆಂಡುಗಳು ಸಂಜೆಯ ಹೊತ್ತಿಗೆ ಮಣಿಕಟ್ಟಿನ ನೋವಾಗುತ್ತವೆ. ಭಾಷೆಗೂ ಇದೇ ಮಾತು. ಇಂಗ್ಲಿಷ್ ಅಕ್ಷರಗಳನ್ನಷ್ಟೇ ನೋಡಿ ಬಟನ್ನಿನ ಎತ್ತರ ಗೊತ್ತುಮಾಡಿದರೆ ಕನ್ನಡದ ಒತ್ತಕ್ಷರ ಅರ್ಧಕ್ಕೇ ಕತ್ತರಿಸಿಹೋಗುತ್ತದೆ.

ನಡುದಾರಿಯೂ ಉಂಟು. ತೆರಿಗೆ ಲೆಕ್ಕ, ಡೇಟಾ ಉಳಿಸುವುದು, ಸರ್ವರ್ ಜತೆಗಿನ ವ್ಯವಹಾರ ಇವುಗಳ ಕೋಡ್ ಎಲ್ಲೆಡೆ ಒಂದೇ ಇರಲಿ. ಪರದೆಯನ್ನು ಮಾತ್ರ ಕೈಗೂ ಮೇಜಿಗೂ ಬೇರೆಬೇರೆಯಾಗಿ ರೂಪಿಸೋಣ. ಕೋಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ ಇದಕ್ಕೆಂದೇ ಒದಗುತ್ತದೆ. ಫ್ಲಟರ್‌ನಲ್ಲೂ ಇದು ಸಾಧ್ಯ. ಖರ್ಚು ಸ್ವಲ್ಪ ಏರುತ್ತದೆ, ನಿಜ. ಆ ಮೊತ್ತವನ್ನು ಅಂದಾಜುಪಟ್ಟಿಯಿಂದ ಹೊಡೆದುಹಾಕುವ ಮುನ್ನ ಮಾಲೀಕರು ತಮ್ಮ ಗುಮಾಸ್ತರ ಪಕ್ಕದಲ್ಲಿ ಒಂದು ತಾಸು ಕೂತು ನೋಡಲಿ. ಆ್ಯಪ್‌ಗೆ ಹಣ ಕೊಡುವವರು ಒಬ್ಬರು, ಅದರೊಂದಿಗೆ ದಿನ ಕಳೆಯುವವರು ಇನ್ನೊಬ್ಬರು.