ಕನ್ನಡಿ ಬದಲಾದಾಗ



ಬಾಲ್ಯದ ವಿಡಿಯೋ ಆಟದ ಪೆಟ್ಟಿಗೆಯನ್ನು ಅಟ್ಟದಿಂದಿಳಿಸಿ ಹೊಸ ಟಿ.ವಿ.ಗೆ ಜೋಡಿಸಿದ ತಂದೆಯರನ್ನು ನಾವು ಕಂಡಿದ್ದೇವೆ. ಪರದೆಯ ಮೇಲೆ ಒರಟು ಚೌಕಗಳು ಮೂಡಿದೊಡನೆ ಮಕ್ಕಳು ನಗುವರು. ತಂದೆಯು ತನ್ನ ನೆನಪನ್ನೇ ಶಂಕಿಸುವನು. ಆದರೆ ನೆನಪು ಸುಳ್ಳಲ್ಲ.

ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ಚಿತ್ರದಲ್ಲಿ ಅಡ್ಡಲಾಗಿ 256, ಲಂಬವಾಗಿ 240 ಚುಕ್ಕೆಗಳು ಮಾತ್ರ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಆಟವು ಇಷ್ಟರಲ್ಲಿಯೇ ಅರಳಿತು. ಅಂದಿನ ಗಾಜಿನ ಕೊಳವೆಯ ಟಿ.ವಿ.ಯಲ್ಲಿ ಎಲೆಕ್ಟ್ರಾನ್ ಕಿರಣವು ಸಾಲುಸಾಲಾಗಿ ಬೆಳಕನ್ನು ಬರೆಯುತ್ತಿತ್ತು. ಚುಕ್ಕೆಗಳ ಅಂಚುಗಳು ಒಂದರೊಳಗೊಂದು ಕರಗಿ ಚಿತ್ರವು ಮೃದುವಾಗುತ್ತಿತ್ತು.

ಫುಲ್ ಹೈ ಡೆಫಿನಿಷನ್ ಪರದೆಯಲ್ಲಿ ಲಂಬವಾಗಿ 1080 ಚುಕ್ಕೆಗಳು. ಅಂದರೆ 240ರ ನಾಲ್ಕೂವರೆ ಪಟ್ಟು. ಅರ್ಧ ಚುಕ್ಕೆಯೆಂಬುದು ಇಲ್ಲವಾದ್ದರಿಂದ ಕೆಲವು ಸಾಲು ದಪ್ಪ, ಕೆಲವು ತೆಳು. ಇಲ್ಲವೇ ಎಲ್ಲವೂ ಮಸುಕು. 4:3ರ ಚಿತ್ರವನ್ನು 16:9ಕ್ಕೆ ಎಳೆದರೆ ಆಕೃತಿಗಳೂ ಅಗಲಕ್ಕೆ ಹಿಗ್ಗಿ ವಿಕಾರವಾಗುತ್ತವೆ.

ಪರಿಹಾರವುಂಟು. ಟಿ.ವಿ.ಯಲ್ಲಿ 4:3ರ ಅಳತೆಯನ್ನು ಆರಿಸಿಕೊಳ್ಳಬೇಕು. ಚಿತ್ರವನ್ನು ಸರಿಯಾಗಿ ನಾಲ್ಕು ಪಟ್ಟು, ಎಂದರೆ 960 ಸಾಲಿಗೆ, ಹಿಗ್ಗಿಸುವ ಸಾಧನಗಳೂ ಇವೆ. ಉಳಿದ 120 ಸಾಲು ಕಪ್ಪಾಗಿದ್ದರೆ ನಷ್ಟವಿಲ್ಲ. ಹಳೆಯ ಟಿ.ವಿ. ಉಳಿದಿದ್ದರೆ ಅದೇ ಲೇಸು.

ಒಂದು ಕಾಲದ ಕೃತಿಯನ್ನು ಇನ್ನೊಂದು ಕಾಲದ ಕನ್ನಡಿಯಲ್ಲಿ ನೋಡಿ ಹಳಿಯುವುದು ಆಟಕ್ಕಷ್ಟೇ ಸೀಮಿತವಲ್ಲ. ಮನೆಯ ಹಿರಿಯರ ನಡೆನುಡಿಗಳನ್ನೂ ನಾವು ಹೀಗೆಯೇ ಅಳೆಯುತ್ತೇವೆ. ಮಕ್ಕಳು ನಕ್ಕಾಗ ಗದರದೆ, ಈ ಲೆಕ್ಕವನ್ನು ತಿಳಿಯಹೇಳೋಣ. ಅರಿವು ಮೂಡಿದಲ್ಲಿ ಆದರವೂ ಮೂಡುವುದು.