ಕೆನಡಾ ಪಿಆರ್‌ಗೆ ಅಂತ ಐಇಎಲ್‌ಟಿಎಸ್ ಈಗ್ಲೇ ಬರೀಬೇಡಿ (ಭಾಗ 6)

ಕಳೆದ ಭಾಗದಲ್ಲಿ ಎಜುಕೇಷನ್ ಲೋನ್ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಮೆಸೇಜ್‌ಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಇತ್ತು: "ಮುಂದೆ ಕೆನಡಾ ಪಿಆರ್‌ಗೆ ಹಾಕ್ಬೇಕು ಅಂತಿದೀನಿ, ಐಇಎಲ್‌ಟಿಎಸ್ ಈಗ್ಲೇ ಬರೆದು ಮುಗಿಸಿಬಿಡ್ಲಾ?"

ನನ್ನ ಉತ್ತರ: ಬೇಡ. ನಿಮಗೆ ಇಂಗ್ಲಿಷ್ ಬರಲ್ಲ ಅಂತಲ್ಲ. ಟೈಮಿಂಗ್ ತಪ್ಪು ಅಂತ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಮಾಸ್ಟರ್ಸ್ ಓದೋಕೆ ಹೋಗೋರ ಲೆಕ್ಕ ಬೇರೆ, ಅವರು ಅಡ್ಮಿಷನ್ ನೋಡ್ಕೊಂಡು ಬರೀಬೇಕು. ನಾನು ಮಾತಾಡ್ತಿರೋದು ಇಲ್ಲೇ ಕೆಲಸ ಮಾಡಿ, ಆ ಅನುಭವದ ಮೇಲೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ಹಾಕ್ಬೇಕು ಅನ್ನೋರ ಬಗ್ಗೆ.

ಭಾಷಾ ಪರೀಕ್ಷೆಯ ರಿಸಲ್ಟ್‌ಗೆ ಎರಡೇ ವರ್ಷ ಆಯಸ್ಸು. ಪ್ರೊಫೈಲ್ ಹಾಕೋ ದಿನ ಮಾತ್ರ ಅಲ್ಲ, ಇನ್ವಿಟೇಷನ್ ಬಂದು ಪಿಆರ್ ಅರ್ಜಿ ಸಲ್ಲಿಸೋ ದಿನಾನೂ ಅದು ವ್ಯಾಲಿಡ್ ಇರ್ಬೇಕು. ಈಗ ನಮ್ಮ ಕ್ಲಾಸಿನ ಲೆಕ್ಕ ನೋಡಿ. ನಾವಿರೋದು ನಾಲ್ಕನೇ ಸೆಮ್. ಡಿಗ್ರಿ ಮುಗಿಯೋಕೆ ಇನ್ನೊಂದು ವರ್ಷ. ಫೆಡರಲ್ ಸ್ಕಿಲ್ಡ್ ವರ್ಕರ್ ಪ್ರೋಗ್ರಾಂಗೆ ಕನಿಷ್ಠ ಒಂದು ವರ್ಷ, ಮಧ್ಯೆ ಬಿಡುವಿಲ್ಲದ, ಸಂಬಳದ ಕೆಲಸದ ಅನುಭವ ಬೇಕು. ಡಿಗ್ರಿ ಮುಗಿದ ಮರುದಿನಾನೇ ಕೆಲಸ ಸಿಕ್ಕಿದ್ರೂ, ನೀವು ಅರ್ಹರಾಗೋ ಹೊತ್ತಿಗೆ ಇವತ್ತಿನ ರಿಸಲ್ಟ್ ರದ್ದಿ ಪೇಪರ್ ಆಗಿರುತ್ತೆ.

ಪರೀಕ್ಷೆ ಫೀಸೇ 15,000 ರೂಪಾಯಿ ದಾಟುತ್ತೆ. ಮೇಲೆ ಕೋಚಿಂಗ್, ಬೆಂಗಳೂರಿಗೆ ಹೋಗಿ ಬರೋ ಖರ್ಚು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದು ಅಮ್ಮ ತಿಂಗಳು ತಿಂಗಳು ಕಟ್ಟಿದ ಚೀಟಿ ದುಡ್ಡು. ಕೋಚಿಂಗ್ ನಡೆಸೋರಿಗೆ ಈ ತಿಂಗಳ ಬ್ಯಾಚ್ ತುಂಬಬೇಕು, ಅದು ಅವರ ವ್ಯಾಪಾರ, ತಪ್ಪೇನಿಲ್ಲ. ಆದ್ರೆ ನಿಮಗೆ ರಿಸಲ್ಟ್ ಬೇಕಾಗೋದು ಕೆಲವು ವರ್ಷ ಆದ್ಮೇಲೆ. ಆ ಲೆಕ್ಕ ಅವರು ಹಾಕಲ್ಲ, ನಾವೇ ಹಾಕ್ಬೇಕು.

ಇನ್ನೊಂದು, ಬಿಕಾಂನವರು ಇದನ್ನ ಎರಡು ಸಲ ಓದಿ. ಎಲ್ಲಾ ಕೆಲಸಾನೂ "ಸ್ಕಿಲ್ಡ್" ಅಲ್ಲ. ಕೆನಡಾದವರು ಕೆಲಸಗಳನ್ನ ಟಿಯರ್ 0ರಿಂದ 5ರವರೆಗೆ ವಿಂಗಡಿಸಿದ್ದಾರೆ. ಈ ಪ್ರೋಗ್ರಾಂಗೆ 0, 1, 2, 3 ಮಾತ್ರ ನಡೆಯುತ್ತೆ. ಅಕೌಂಟೆಂಟ್, ಆಡಿಟರ್ ಟಿಯರ್ 1. ಬುಕ್‌ಕೀಪರ್ ಟಿಯರ್ 2. ಅಕೌಂಟ್ಸ್ ಕ್ಲರ್ಕ್, ಡೇಟಾ ಎಂಟ್ರಿ ಟಿಯರ್ 4. ನೋಡೋದು ವಿಸಿಟಿಂಗ್ ಕಾರ್ಡ್ ಮೇಲಿನ ಹೆಸರಲ್ಲ, ದಿನಾ ಮಾಡೋ ಕೆಲಸ. ಮೊದಲ ಕೆಲಸ ಬರೀ ಬಿಲ್ ಎಂಟ್ರಿ ಆಗಿದ್ರೆ ಆ ವರ್ಷ ಲೆಕ್ಕಕ್ಕೇ ಬರದೇ ಹೋಗ್ಬಹುದು. ಕೆಲಸಾನೇ ಗೊತ್ತಿಲ್ದೆ ಪರೀಕ್ಷೆ ಡೇಟ್ ಬುಕ್ ಮಾಡೋದು ಯಾವ ಪ್ಲಾನಿಂಗ್?

"ಆದ್ರೂ ಓದೋ ಅಭ್ಯಾಸ ಈಗ ಇದೆ, ಕೆಲಸಕ್ಕೆ ಸೇರಿದ್ಮೇಲೆ ಟೈಮ್ ಎಲ್ಲಿ?" ಅಂತೀರಿ. ನಿಜ, ಒಪ್ತೀನಿ. ಅದಕ್ಕೇ ಹೇಳೋದು, ಭಾಷೆ ಈಗ ಕಲೀರಿ, ಪರೀಕ್ಷೆ ಆಮೇಲೆ ಬರೀರಿ. ಇವೆರಡು ಒಂದೇ ಅಂದ್ಕೊಂಡಿರೋದೇ ತೊಂದರೆ.

ಈಗ ಕಲಿಯೋದು ಯಾಕೆ ಮುಖ್ಯ ಅನ್ನೋಕೂ ಲೆಕ್ಕ ಕೊಡ್ತೀನಿ. ಐಇಎಲ್‌ಟಿಎಸ್ ಜನರಲ್‌ನಲ್ಲಿ ಲಿಸನಿಂಗ್ 8, ರೀಡಿಂಗ್ 7, ರೈಟಿಂಗ್ 7, ಸ್ಪೀಕಿಂಗ್ 7 ಬಂದ್ರೆ ನಾಲ್ಕರಲ್ಲೂ ಸಿಎಲ್‌ಬಿ 9. ಮದುವೆ ಆಗಿಲ್ಲ, ಒಂದು ಡಿಗ್ರಿ ಇದೆ, ಭಾರತದಲ್ಲಿ ಮೂರು ವರ್ಷ ಕೆಲಸ ಮಾಡಿದೀರಿ ಅಂತ ಇಟ್ಕೊಳ್ಳಿ. ರೈಟಿಂಗ್ ಒಂದರಲ್ಲಿ 7ರ ಬದಲು 6.5 ಬಂತು. ಭಾಷೆಯಲ್ಲಿ 8 ಅಂಕ ಹೋಯ್ತು. ಅಷ್ಟೇ ಅಲ್ಲ, ಡಿಗ್ರಿ ಮತ್ತು ಭಾಷೆ ಸೇರಿ ಸಿಗೋ 25 ಅಂಕ 13 ಆಯ್ತು, ಅನುಭವ ಮತ್ತು ಭಾಷೆ ಸೇರಿ ಸಿಗೋ 50 ಅಂಕ 25 ಆಯ್ತು. ಒಟ್ಟು 45 ಅಂಕ ಢಮಾರ್. ಅರ್ಧ ಬ್ಯಾಂಡ್‌ಗೆ! ಒಂದು ತಿಂಗಳ ಕ್ರ್ಯಾಶ್ ಕೋರ್ಸ್‌ನಲ್ಲಿ ಆ ಅರ್ಧ ಬ್ಯಾಂಡ್ ತುಂಬೋದು ಕಷ್ಟ. ಎರಡು ವರ್ಷ ವಾರಕ್ಕೊಂದು ಪತ್ರ, ಒಂದು ಪ್ರಬಂಧ, ಎರಡೂ ಸೇರಿ 60 ನಿಮಿಷಕ್ಕೆ ಅಂತ ಗಡಿಯಾರ ಇಟ್ಕೊಂಡು ಬರೆದ್ರೆ ಆಗುತ್ತೆ. ಅದಕ್ಕೆ ಬೇಕಾಗಿರೋದು ಒಂದು ನೋಟ್‌ಬುಕ್, ತಿದ್ದಿಕೊಡೋಕೆ ಒಬ್ಬ ಇಂಗ್ಲಿಷ್ ಮೇಷ್ಟ್ರು.

ಕನ್ನಡ ಮೀಡಿಯಂನಿಂದ ಬಂದೋರು ಸ್ಪೀಕಿಂಗ್‌ಗೆ ಹೆದರ್ತೀರಿ. ವಿದೇಶಿ ಆಕ್ಸೆಂಟ್ ಬೇಕಿಲ್ಲ, ಕೇಳೋರಿಗೆ ಸ್ಪಷ್ಟವಾಗಿ ಅರ್ಥ ಆಗ್ಬೇಕು, ಅಷ್ಟೇ.

ಇನ್ನೂ ಟೈಮ್ ಇದೆ ಅನ್ನೋರು ಫ್ರೆಂಚ್ ಶುರು ಮಾಡಿ. ಟಿಇಎಫ್ ಕೆನಡಾ ಅಥವಾ ಟಿಸಿಎಫ್ ಕೆನಡಾದಲ್ಲಿ ನಾಲ್ಕೂ ವಿಭಾಗದಲ್ಲಿ ಲೆವೆಲ್ 7 ಬಂದ್ರೆ, ಇಂಗ್ಲಿಷ್ ಜೊತೆ ಸೇರಿ 62 ಅಂಕ ಹೆಚ್ಚು. ಫ್ರೆಂಚ್ ಬಲ್ಲವರಿಗೇ ಬೇರೆ ಸುತ್ತುಗಳೂ ಇವೆ. 2025ರ ಮಾರ್ಚ್‌ನ ಒಂದು ಫ್ರೆಂಚ್ ಸುತ್ತಿನ ಕಟ್‌ಆಫ್ 379. ಅದೇ ವರ್ಷ ಕೆನಡಾದಲ್ಲೇ ಕೆಲಸ ಮಾಡಿದವರ ಸುತ್ತುಗಳು 500ರ ಮೇಲೆ ನಿಂತಿದ್ವು. ಆದ್ರೆ ಆ ಲೆವೆಲ್‌ಗೆ ಬರೋಕೆ ತಿಂಗಳುಗಳು ಸಾಲಲ್ಲ, ವರ್ಷ ಬೇಕು. ನಮ್ಮ ಹತ್ರ ಈಗ ಇರೋದು ಅದೇ ಅಲ್ವಾ?

ನಿಯಮಗಳೂ ನಮಗಾಗಿ ಕಾಯಲ್ಲ. ಜಾಬ್ ಆಫರ್‌ಗೆ ಸಿಗ್ತಿದ್ದ ಅಂಕವನ್ನ 2025ರ ಮಾರ್ಚ್ 25ಕ್ಕೆ ತೆಗೆದೇ ಬಿಟ್ರು. ಅದನ್ನೇ ನಂಬಿ ಕೂತವರ ಲೆಕ್ಕ ಒಂದೇ ದಿನದಲ್ಲಿ ತಲೆಕೆಳಗಾಯ್ತು. ನಾಳೆ ಇನ್ನೇನೋ ಬದಲಾಗ್ಬಹುದು. ಹಾಗೆ ಆದ್ರೂ ಕಲಿತ ಭಾಷೆ ಬೆಂಗಳೂರಿನ ಇಂಟರ್‌ವ್ಯೂನಲ್ಲಿ ಕೆಲಸಕ್ಕೆ ಬರುತ್ತೆ. ಅವಧಿ ಮುಗಿದ ಸ್ಕೋರ್‌ಕಾರ್ಡ್ ಯಾವುದಕ್ಕೂ ಬರಲ್ಲ.

ಹಾಗಾದ್ರೆ ಯಾವಾಗ ಬರೀಬೇಕು? ಹಿಂದಿನಿಂದ ಎಣಿಸಿ. ಅನುಭವ ಯಾವ ತಿಂಗಳು ಪೂರ್ತಿ ಆಗುತ್ತೋ, ಅದಕ್ಕೆ ನಾಲ್ಕೈದು ತಿಂಗಳು ಮುಂಚೆ ಮೊದಲ ಸಲ ಬರೀರಿ. ಅಂಕ ಕಮ್ಮಿ ಬಂದ್ರೆ ಇನ್ನೊಂದು ಸಲ ಬರೆಯೋಕೆ ಜಾಗ ಇರುತ್ತೆ, ರಿಸಲ್ಟ್‌ಗೂ ಒಂದೂವರೆ ವರ್ಷ ಜೀವ ಉಳಿದಿರುತ್ತೆ. ಬುಕ್ ಮಾಡುವಾಗ ಐಇಎಲ್‌ಟಿಎಸ್ ಜನರಲ್, ಸೆಲ್ಪಿಪ್ ಜನರಲ್, ಪಿಟಿಇ ಕೋರ್, ಈ ಮೂರರಲ್ಲೇ ಒಂದು ಅಂತ ನೋಡ್ಕೊಳ್ಳಿ. ಐಇಎಲ್‌ಟಿಎಸ್ ಅಕಾಡೆಮಿಕ್ ಇದಕ್ಕೆ ನಡೆಯಲ್ಲ.

ಈ ತಿಂಗಳು ಫೀಸ್ ಕಟ್ಟೋಕೆ ಹೊರಟಿರೋ ಫ್ರೆಂಡ್ ಇದ್ರೆ ಇದನ್ನ ಕಳಿಸಿ. ಒಪ್ಪಲ್ಲ ಅನ್ನೋರು ಕಾಮೆಂಟ್‌ನಲ್ಲಿ ನಿಮ್ಮ ಲೆಕ್ಕ ಹಾಕಿ ತೋರಿಸಿ, ಕೂತು ಟ್ಯಾಲಿ ಮಾಡೋಣ.